ಮರಳಲ್ಲಿ ಹೂತಿಟ್ಟ ಬಿದಿರು

ನಮ್ಮ ಮೊಮ್ಮಗಳು ಫಿಲಿಪೈನ್ಸ್ ದೇಶದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ನಮ್ಮ ರಾಜ್ಯದಿಂದ ಹಾಗೆ ಹೋದ ಮಕ್ಕಳು ಅಲ್ಲಿ ಬೇಕಾದಷ್ಟಿದ್ದಾರೆ. ಅವಳಿರುವ ಕಡೆ ಭಾನುವಾರ ಉಪ್ಪಿಟ್ಟು ತಪ್ಪುವುದಿಲ್ಲವಂತೆ. ಅವಳನ್ನು ನೋಡಲೆಂದು ನಾನೂ ನನ್ನ ಹೆಂಡತಿಯೂ ಹೋಗಿ ಎರಡು ವಾರ ಇದ್ದು ಬಂದೆವು. ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಮನಿಲಾ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಹೀಗೆ ಲೆಕ್ಕವಿಲ್ಲದೆ ಎರಡೂವರೆ ಗಂಟೆ ಕಳೆದುಹೋಗುವುದು ಸ್ವಲ್ಪ ಕಸಿವಿಸಿಯೇ. ಬರುವಾಗ ವಾಪಸ್ ಸಿಕ್ಕಿತು, ಬಿಡಿ.

ಹೊರಡುವ ಮೊದಲೇ ಮೊಮ್ಮಗಳು ಫೋನಿನಲ್ಲಿ ಹೇಳಿದ್ದಳು: “ಅಜ್ಜಾ, ಇಲ್ಲಿ ಒಂದು ಚರ್ಚಿನಲ್ಲಿ ಬಿದಿರಿನ ಪಿಯಾನೋ ಇದೆ. ನಿಮಗೆ ತೋರಿಸ್ತೀನಿ.” ಬಿದಿರಿನ ಪಿಯಾನೋ ಹೇಗೆ ಆದೀತು ಅಂತ ನಾನು ನಕ್ಕುಬಿಟ್ಟೆ. ಅದು ಪಿಯಾನೋ ಅಲ್ಲ, ಪೈಪ್ ಆರ್ಗನ್ ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಊರಿನ ಹೆಸರು ಲಾಸ್ ಪಿನ್ಯಾಸ್. ಮನಿಲಾದ ದಕ್ಷಿಣಕ್ಕಿದೆ. ಹಿಂದೆ ಸಮುದ್ರದ ನೀರು ಕಟ್ಟಿ ಉಪ್ಪು ಮಾಡುತ್ತಿದ್ದ, ಮೀನು ಹಿಡಿಯುತ್ತಿದ್ದ ಹಳ್ಳಿ. ಈಗ ದೊಡ್ಡ ಪಟ್ಟಣ. ಎಲ್ಲಿ ನೋಡಿದರೂ ಬಣ್ಣಬಣ್ಣದ ಜೀಪ್ನಿಗಳು. ಜೀಪ್ನಿ ಎಂದರೆ ನಮ್ಮ ಟೆಂಪೊಗೆ ಮದುವೆ ಅಲಂಕಾರ ಮಾಡಿದ ಹಾಗೆ ಇರುವ ಬಾಡಿಗೆ ಗಾಡಿ. ಅವನ್ನು ಕಟ್ಟುವ ಹೆಸರಾಂತ ಕಾರ್ಖಾನೆಯೂ ಈ ಊರಿನದ್ದೇ. ಪಿನ್ಯಾಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಅನಾನಸು. ಅದನ್ನು ಕೇಳಿದ್ದೇ ತಡ, ನನ್ನ ಹೆಂಡತಿ, “ಹಾಗಾದರೆ ಇದು ಇವರ ಬನವಾಸಿ” ಎಂದಳು. ಆದರೆ ಎರಡು ವಾರದಲ್ಲಿ ಆ ಊರಿನ ಬೀದಿಯಲ್ಲಿ ನಾನು ಒಂದೂ ಅನಾನಸು ಗಿಡ ಕಾಣಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೇ ಬೆವರು ಸುರಿಯುವ ಸೆಕೆ. ಸಂತ ಜೋಸೆಫರ ಚರ್ಚು ರಸ್ತೆಯ ಗದ್ದಲದ ಪಕ್ಕದಲ್ಲೇ ಇದೆ. ದಪ್ಪ ಕಲ್ಲಿನ ಗೋಡೆ. ಒಳಗೆ ಕಾಲಿಟ್ಟರೆ ತಣ್ಣಗೆ. ತಲೆಯೆತ್ತಿ ನೋಡಿದರೆ ಚಾವಣಿಗೂ ಬಿದಿರು. ಹಿಂಭಾಗದ ಅಟ್ಟದ ಮೇಲೆ ಆ ಆರ್ಗನ್ ನಿಂತಿದೆ. ಜೇನು ಬಣ್ಣಕ್ಕೆ ತಿರುಗಿದ ಬಿದಿರಿನ ಸಾಲು, ಉದ್ದದವು, ಗಿಡ್ಡದವು, ಕಿರುಬೆರಳ ಗಾತ್ರದವು. ಅವುಗಳ ನಡುವಿನಿಂದ ಲೋಹದ ತುತ್ತೂರಿಗಳು ಮುಂದಕ್ಕೆ ಚಾಚಿಕೊಂಡಿವೆ, ದೇವರ ಮೆರವಣಿಗೆಯಲ್ಲಿ ಕಹಳೆಯವರು ಸಾಲಾಗಿ ನಿಂತ ಹಾಗೆ.

ಒಟ್ಟು ಕೊಳವೆಗಳು 1031. ಅದರಲ್ಲಿ ಬಿದಿರಿನವು 902, ಲೋಹದವು 129. ನಾನು ಮೊದಲು ಕೂಡಿಸಿ ನೋಡಿದೆ. ಸರಿಯಾಗಿದೆ.

ಮಕ್ಕಳೇ, ಪೈಪ್ ಆರ್ಗನ್ ಎಂದರೆ ಏನು ಎಂದು ತಿಳಿಯಬೇಕಾದರೆ ಪೆನ್ನಿನ ಕ್ಯಾಪನ್ನು ಬಾಯಿಯ ಹತ್ತಿರ ಹಿಡಿದು ಊದಿ. ಕೀಚೆಂದು ಸದ್ದು ಬರುತ್ತದೆ. ಆಮೇಲೆ ಖಾಲಿ ಬಾಟಲಿ ಊದಿ. ದಪ್ಪ ಸದ್ದು. ಕೊಳವೆ ಗಿಡ್ಡವಾದಷ್ಟೂ ಸ್ವರ ಏರುತ್ತದೆ, ಉದ್ದವಾದಷ್ಟೂ ಇಳಿಯುತ್ತದೆ. ಕೊಳಲಿಗೆ ತೂತುಗಳಿವೆ, ಬೆರಳು ಮುಚ್ಚಿ ತೆರೆದು ಒಂದೇ ಕೊಳಲಲ್ಲಿ ಎಲ್ಲ ಸ್ವರ ನುಡಿಸಬಹುದು. ಆರ್ಗನ್ನಿನ ಕೊಳವೆಗೆ ಆ ಸೌಕರ್ಯವಿಲ್ಲ. ಒಂದು ಕೊಳವೆಗೆ ಒಂದೇ ಸ್ವರ. ಬ್ಯಾಂಕಿನ ಲಾಕರ್ ಇದ್ದಂತೆ: ಪ್ರತಿಯೊಂದಕ್ಕೂ ಅದರದ್ದೇ ಬಾಗಿಲು. ಅದಕ್ಕೇ ಅಷ್ಟು ಕೊಳವೆ ಬೇಕು. ಕೆಳಗೆ ತಿದಿಯಿಂದ ಗಾಳಿ ತುಂಬಿಕೊಂಡ ಪೆಟ್ಟಿಗೆ ಇರುತ್ತದೆ. ಎದುರಿಗೆ ಹಾರ್ಮೋನಿಯಮ್ಮಿಗೆ ಇರುವಂಥದೇ ಸ್ವರದ ಮನೆಗಳು. ಒಂದು ಮನೆ ಒತ್ತಿದರೆ ಒಳಗೆ ಒಂದು ಪುಟ್ಟ ಬಾಗಿಲು ತೆರೆದು ಆ ಕೊಳವೆಗೆ ಗಾಳಿ ನುಗ್ಗುತ್ತದೆ. ಪಕ್ಕದಲ್ಲಿ ಎಳೆಯುವ ಹಿಡಿಗಳಿವೆ. ಯಾವ ಹಿಡಿ ಎಳೆದಿದ್ದೀರೋ ಆ ಸಾಲಿನ ಕೊಳವೆಗಳು ಮಾತ್ರ ನುಡಿಯುತ್ತವೆ. ಹಿಂದಿನ ಕಾಲದಲ್ಲಿ ತಿದಿ ಒತ್ತಲು ಆಳು ಬೇಕಿತ್ತು, ಈಗ ಕರೆಂಟಿನ ಗಾಳಿಯಂತ್ರವಿದೆ.

ಹಾರ್ಮೋನಿಯಂ ಇದರ ಬಡ ನೆಂಟ. ಅದರಲ್ಲಿ ಕೊಳವೆಯೇ ಇಲ್ಲ, ಹಿತ್ತಾಳೆಯ ತೆಳು ನಾಲಿಗೆಗಳು ಗಾಳಿಗೆ ಅದುರಿ ಸ್ವರ ಕೊಡುತ್ತವೆ. ಯೂರೋಪಿನಲ್ಲಿ ದೊಡ್ಡ ಆರ್ಗನ್ ಕೊಳ್ಳಲಾಗದ ಸಣ್ಣ ಚರ್ಚುಗಳು ಈ ನಾಲಿಗೆಯ ವಾದ್ಯವನ್ನೇ ಇಟ್ಟುಕೊಳ್ಳುತ್ತಿದ್ದವು. ಅದು ಹಡಗು ಹತ್ತಿ ನಮ್ಮ ದೇಶಕ್ಕೆ ಬಂದು, ನಮ್ಮ ನಾಟಕ ಕಂಪನಿಗಳ ಮುಂದಿನ ಸಾಲಿನಲ್ಲಿ ಕೂತುಬಿಟ್ಟಿತು. ನನ್ನ ತಂದೆ ಅಂಥ ಒಂದು ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದವರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಬಿದಿರಿನ ಆರ್ಗನ್ ಮಾಡಿದವರು ಫಾದರ್ ಡಿಯೆಗೋ ಸೆರಾ ಎಂಬ ಸ್ಪೇನ್ ದೇಶದ ಪಾದ್ರಿ. ಆಗ ಫಿಲಿಪೈನ್ಸ್ ಸ್ಪೇನಿನವರ ಆಳ್ವಿಕೆಯಲ್ಲಿತ್ತು. ಸೆರಾ 1795ರಲ್ಲಿ ಲಾಸ್ ಪಿನ್ಯಾಸಿಗೆ ಬಂದರು. ಬಂದು ಚರ್ಚು ಕಟ್ಟಿಸಿದರು, ಊರಿನ ಜನರನ್ನು ಕೂಡಿಸಿಕೊಂಡು ರಸ್ತೆ, ಸೇತುವೆ ಮಾಡಿಸಿದರು. ಆರ್ಗನ್ ಮಾಡುವ ವಿದ್ಯೆಯೂ ಅವರಿಗೆ ಗೊತ್ತಿತ್ತು. ಯೂರೋಪಿನಲ್ಲಿ ಕೊಳವೆಗಳನ್ನು ತವರ, ಸೀಸ ಕೂಡಿಸಿದ ಲೋಹದಿಂದ, ಇಲ್ಲವೇ ಮರದಿಂದ ಮಾಡುತ್ತಾರೆ. ಇಲ್ಲಿ ಕೈ ಚಾಚಿದರೆ ಸಿಗುತ್ತಿದ್ದದ್ದು ಬಿದಿರು.

ಸೆರಾ ಆ ಊರಿಗೆ ಬಂದ ಕಾಲಕ್ಕೆ ನಮ್ಮ ಶ್ರೀರಂಗಪಟ್ಟಣದಲ್ಲೂ ಒಂದು ಪೈಪ್ ಆರ್ಗನ್ ಇತ್ತು ಎಂದರೆ ನಂಬುತ್ತೀರಾ? ಟಿಪ್ಪು ಸುಲ್ತಾನನ ಮರದ ಹುಲಿ. ಕೆಂಪು ಕೋಟಿನ ಬಿಳಿಯನೊಬ್ಬನನ್ನು ಕೆಡವಿಕೊಂಡು ಕುತ್ತಿಗೆಗೆ ಬಾಯಿ ಹಾಕಿರುವ, ಹೆಚ್ಚುಕಡಿಮೆ ಆರಡಿ ಉದ್ದದ ಹುಲಿ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ಕೈಯೆತ್ತಿ ನರಳುತ್ತಾನೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಒಳಗೆ 18 ಮನೆಗಳ ಪುಟ್ಟ ಆರ್ಗನ್, ನಿಜವಾದ ಕೊಳವೆಗಳದ್ದು! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಅದನ್ನು ಹೊತ್ತೊಯ್ದರು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಚಾವಣಿ ಮೈಮೇಲೆ ಬಿದ್ದು ಚೂರುಚೂರಾಗಿತ್ತು. ಆಮೇಲೆ ಚೂರು ಆಯ್ದು ಜೋಡಿಸಿದರು. ಇದನ್ನೆಲ್ಲ ನಾನು ಅಟ್ಟದ ಮೆಟ್ಟಿಲ ಬಳಿ ಮೊಮ್ಮಗಳಿಗೆ ಹೇಳುತ್ತಿದ್ದೆ. ಗೈಡ್ ಹುಡುಗಿ, ಏನು ಹೇಳುತ್ತಿದ್ದಾರೆ ನಿಮ್ಮ ತಾತ ಎಂದು ಕೇಳಿದಳು. ಮೊಮ್ಮಗಳು ಮೊಬೈಲಿನಲ್ಲಿ ಹುಲಿಯ ಚಿತ್ರ ತೋರಿಸಿದಳು. ಆ ಹುಡುಗಿ ತನ್ನ ಜೊತೆಯವರನ್ನೆಲ್ಲ ಕರೆದು ತೋರಿಸಿ ಐದು ನಿಮಿಷ ನಕ್ಕಳು.

ಸರಿ, ಬಿದಿರಿಗೆ ಬರೋಣ. ಬಿದಿರಿನ ದೊಡ್ಡ ಶತ್ರು ಕುಟ್ಟೆ ಹುಳು. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿದಿರಿನ ಗಳ ತಂದು ಹಾಗೇ ಚಪ್ಪರಕ್ಕೆ ಹಾಕಿದರೆ ವರ್ಷದೊಳಗೆ ಸಣ್ಣ ಸಣ್ಣ ತೂತು ಬಿದ್ದು, ಕೆಳಗೆ ಹಿಟ್ಟಿನಂಥ ಪುಡಿ ಉದುರಲು ಶುರು. ಒಳಗಿನ ಪಿಷ್ಟವೇ ಆ ಹುಳುವಿಗೆ ಊಟ. ಅದಕ್ಕೇ ನಮ್ಮ ಅಜ್ಜ ಬಿದಿರನ್ನು ಅಮಾವಾಸ್ಯೆ ಹತ್ತಿರವೇ ಕಡಿಸುತ್ತಿದ್ದರು, ಕಡಿಸಿದ್ದನ್ನು ಹಳ್ಳದಲ್ಲಿ ಕಲ್ಲು ಹೇರಿ ಮುಳುಗಿಸುತ್ತಿದ್ದರು. ನೀರಿನಲ್ಲಿ ಕೂತು ಕೂತು ಒಳಗಿನ ಪಿಷ್ಟವೆಲ್ಲ ಕರಗಿ ಹೋಗಬೇಕು. ಮೇಲೆತ್ತಿದಾಗ ಬರುವ ವಾಸನೆಗೆ ನಾವು ಹುಡುಗರು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಆ ಗಳದಲ್ಲಿ ಹಾಕಿದ ಕೊಟ್ಟಿಗೆಯ ಮಾಡು ನಾನು ಹೈಸ್ಕೂಲು ಮುಗಿಸುವವರೆಗೂ ಅಲುಗಿರಲಿಲ್ಲ.

ಫಾದರ್ ಸೆರಾ ಮಾಡಿದ್ದೂ ಅದೇ ಬಗೆಯ ಕೆಲಸ. 1816ರಲ್ಲಿ ಬಿದಿರು ಕಡಿಸಿದರು. ಕಡಿಸಿ, ಸಮುದ್ರದ ದಂಡೆಯ ಮರಳಿನಲ್ಲಿ ಹೂಳಿಸಿದರು! ತಿಂಗಳುಗಟ್ಟಲೆ ಅದು ಉಪ್ಪಿನ ಮರಳಿನಲ್ಲಿ ಮಲಗಿತು. ಹುಳ ತಿನ್ನುವಂಥದ್ದನ್ನು ಅಲ್ಲೇ ತಿಂದು ಮುಗಿಸಲಿ, ಆಮೇಲೆ ಉಳಿದ ಗಟ್ಟಿ ಬಿದಿರು ನಮಗೆ ಸಾಕು ಎಂಬುದು ಉಪಾಯ. ಗೈಡ್ ಹುಡುಗಿ ಇದನ್ನು ಹೇಳಿದಾಗ ನಾನು ಅವಳ ಮುಂದಿನ ನಾಲ್ಕು ವಾಕ್ಯ ಕೇಳಿಸಿಕೊಳ್ಳಲೇ ಇಲ್ಲ. ಹಳ್ಳದ ನೀರಿನ ಆ ವಾಸನೆ ಮೂಗಿಗೆ ಬಂದುಬಿಟ್ಟಿತ್ತು. ನಮ್ಮ ಅಜ್ಜನಿಗೂ ಆ ಪಾದ್ರಿಗೂ ಯಾವ ಸಂಬಂಧ? ಆದರೆ ಕುಟ್ಟೆ ಹುಳು ಎರಡೂ ಕಡೆ ಒಂದೇ ಪಾಠ ಹೇಳಿಕೊಟ್ಟಿತ್ತು.

1821ರ ಹೊತ್ತಿಗೆ ತುತ್ತೂರಿಗಳೊಂದು ಬಿಟ್ಟು ಉಳಿದದ್ದೆಲ್ಲ ಸಿದ್ಧವಾಯಿತು. ತುತ್ತೂರಿಯ ಖಡಕ್ ದನಿ ಬಿದಿರಿನಿಂದ ಬರುವಂಥದಲ್ಲ. ಕೊನೆಗೆ ಅವನ್ನು ಲೋಹದಲ್ಲೇ ಮಾಡಿಸಿ 1824ರಲ್ಲಿ ಮುಗಿಸಿದರು. ಎಂಟು ವರ್ಷದ ಕೆಲಸ. 1832ರಲ್ಲಿ ಸೆರಾ ತೀರಿಕೊಂಡರು. ಆಮೇಲಿನ ನೂರೈವತ್ತು ವರ್ಷದ ಕಥೆ ಅಷ್ಟು ಚೆನ್ನಾಗಿಲ್ಲ. 1863ರಲ್ಲಿ ಮನಿಲಾ ಸುತ್ತಮುತ್ತ ಭಾರಿ ಭೂಕಂಪ, 1880ರಲ್ಲಿ ಮತ್ತೆ. ನಡುನಡುವೆ ವರ್ಷವರ್ಷದ ಚಂಡಮಾರುತ. ಚರ್ಚಿನ ಮಾಡು ಹಾರಿ ಮಳೆ ನೀರು ಒಳಗೆ ಬಿತ್ತು. ಕೊಳವೆಗಳನ್ನು ಬಿಚ್ಚಿ ಕೋಣೆಯಲ್ಲಿ ಒಟ್ಟಿದರು. ಅಲ್ಲಿಂದ ಮುಂದೆ ವರ್ಷಾನುಗಟ್ಟಲೆ ಮೂಕ. ಒಂದಿಷ್ಟು ರಿಪೇರಿ, ಒಂದಿಷ್ಟು ದಿನ ಸದ್ದು, ಮತ್ತೆ ಮೂಕ.

ಇಲ್ಲಿ ನನ್ನ ತಂದೆಯ ಪೆಟ್ಟಿಗೆಯ ವಿಷಯ ಹೇಳಬೇಕು. ಅವರು ತೀರಿಕೊಂಡ ಮೇಲೆ ಕಾಲು ಹಾರ್ಮೋನಿಯಂ ನಮ್ಮ ಅಟ್ಟ ಸೇರಿತು. ನನಗೆ ನುಡಿಸಲು ಬರುತ್ತಿರಲಿಲ್ಲ. ವರ್ಗಾವಣೆಯ ಮೇಲೆ ವರ್ಗಾವಣೆ. ಒಂದು ಸಲ ರಜಕ್ಕೆ ಬಂದು ಅಟ್ಟ ಹತ್ತಿ ನೋಡಿದರೆ ಗೆದ್ದಲು ಹಿಂಭಾಗದ ಹಲಗೆಯನ್ನು ಪೂರ್ತಿ ತಿಂದಿತ್ತು, ತಿದಿಯ ಚರ್ಮದಲ್ಲಿ ಇಲಿ ಮರಿ ಹಾಕಿತ್ತು. ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟೆ. ನನಗೆ ಪ್ರತಿದಿನದ ಖರ್ಚು ಬರೆದಿಡುವ ಅಭ್ಯಾಸ. 1986ರ ಪುಸ್ತಕದಲ್ಲಿ ಈಗಲೂ ಇದೆ: “ಹಳೆ ಪೆಟ್ಟಿಗೆ ಮಾರಿದ್ದು, ರೂ. 35.” ಅಮ್ಮ ಏನೂ ಅನ್ನಲಿಲ್ಲ. ಅವನ ಗಾಡಿ ತಿರುವು ದಾಟುವವರೆಗೆ ಜಗಲಿಯಲ್ಲಿ ನಿಂತಿದ್ದರು, ಅಷ್ಟೇ.

ಲಾಸ್ ಪಿನ್ಯಾಸಿನವರು ಹಾಗೆ ಮಾಡಲಿಲ್ಲ. 1970ರ ದಶಕದ ಆರಂಭದಲ್ಲಿ, ಇದನ್ನು ಮೊದಲಿನಂತೆ ಮಾಡಿಯೇ ತೀರಬೇಕು ಎಂದು ಹೊರಟರು. ಊರಿನಲ್ಲಿ ಅಂಥ ಕೆಲಸ ಬಲ್ಲವರಿಲ್ಲ. ಜರ್ಮನಿಯ ಬಾನ್ ನಗರದಲ್ಲಿ ಕ್ಲೈಸ್ ಎಂಬ ಮನೆತನದ ಕಾರ್ಖಾನೆ ಇದೆ, 1882ರಿಂದ ಆರ್ಗನ್ ಮಾಡುತ್ತಾ ಬಂದವರು. 1973ರಲ್ಲಿ ಇಡೀ ವಾದ್ಯವನ್ನು ಬಿಚ್ಚಿ ಅಲ್ಲಿಗೆ ಕಳಿಸಿದರು. ಯೋಚನೆ ಮಾಡಿ ನೋಡಿ: ನೂರೈವತ್ತು ವರ್ಷ ಹಳೆಯ ಬಿದಿರಿನ ಕೊಳವೆಗಳು ಸಮುದ್ರ ದಾಟಿ ಹೊರಟಿವೆ. ತಿರುಗಿ ಬರುತ್ತವೋ ಇಲ್ಲವೋ, ಬಂದರೂ ಹಾಡುತ್ತವೋ ಇಲ್ಲವೋ. ಕಳಿಸಿಕೊಟ್ಟವರಿಗೆ ಅಂದು ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ.

ಇನ್ನೊಂದು ತೊಡಕು ಇತ್ತು. ಫಿಲಿಪೈನ್ಸ್‌ನ ಗಾಳಿ ಒದ್ದೆ, ಬಿಸಿ. ಜರ್ಮನಿಯ ಚಳಿಗಾಲದಲ್ಲಿ ಕಾಯಿಸಿದ ಕೋಣೆಯ ಗಾಳಿ ಒಣ. ಒದ್ದೆ ಗಾಳಿಯಲ್ಲಿ ಬಾಳಿದ ಬಿದಿರನ್ನು ಹಾಗೇ ತಂದಿಟ್ಟರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಕೊಳವೆ ಉಸಿರು ಬಿಡುತ್ತದೆಯೇ ಹೊರತು ಸ್ವರ ಕೊಡುವುದಿಲ್ಲ. ಅದಕ್ಕೆ ಕ್ಲೈಸ್‌ನವರು ಏನು ಮಾಡಿದರು ಗೊತ್ತೇ? ಕಾರ್ಖಾನೆಯೊಳಗೆ ಒಂದು ಕೋಣೆಯನ್ನು ಫಿಲಿಪೈನ್ಸಿನ ಹವೆಯಷ್ಟೇ ಬಿಸಿಯಾಗಿ, ಅಷ್ಟೇ ತೇವವಾಗಿ ಇಟ್ಟರು. ಹೊರಗೆ ಕೋಟು ತೊಟ್ಟು ಬರುವ ಜರ್ಮನ್ ಕೆಲಸಗಾರರು ಆ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಿರುವುದನ್ನು ನೆನೆದು ನನಗೆ ನಗು ಬಂತು. ಕೈಮುಗಿಯಬೇಕು ಅಂತಲೂ ಅನ್ನಿಸಿತು. ರಿಪೇರಿಗೆ ಬಂದ ವಸ್ತುವಿಗೆ ತನ್ನ ಊರಿನ ಹವೆಯನ್ನೇ ಒದಗಿಸಿಕೊಡುವವರು ಎಲ್ಲಿ ಸಿಗುತ್ತಾರೆ?

1975ರಲ್ಲಿ ಆರ್ಗನ್ ವಾಪಸ್ ಬಂತು. ಊರಿಗೆ ಊರೇ ಬೀದಿಗಿಳಿದು ಮೆರವಣಿಗೆಯಲ್ಲಿ ಕರೆದುಕೊಂಡಿತು. ಅಷ್ಟರಲ್ಲಿ ಚರ್ಚಿನ ಕಟ್ಟಡವನ್ನೂ ಹಳೆಯ ರೂಪಕ್ಕೆ ತಂದಿದ್ದರು. ಆ ವರ್ಷ ಮೇ ತಿಂಗಳಲ್ಲಿ ಮೊದಲ ಕಛೇರಿ. ಮರುವರ್ಷದಿಂದ ಬಿದಿರಿನ ಆರ್ಗನ್ನಿನದ್ದೇ ಒಂದು ಅಂತರರಾಷ್ಟ್ರೀಯ ಉತ್ಸವ ಶುರುವಾಯಿತು, ಫೆಬ್ರವರಿಯಲ್ಲಿ ನಡೆಯುತ್ತದೆ. 2003ರಲ್ಲಿ ಅಲ್ಲಿನ ಸರ್ಕಾರ ಇದನ್ನು ರಾಷ್ಟ್ರದ ಸಾಂಸ್ಕೃತಿಕ ನಿಧಿ ಎಂದು ಸಾರಿತು.

ನನಗೆ ಇದೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಆಮೇಲಿನ ಸಂಗತಿ. ಪ್ರತಿ ಸಲ ಕೆಟ್ಟಾಗಲೂ ಜರ್ಮನಿಗೆ ಕಳಿಸಲಾದೀತೇ? ಫಿಲಿಪೈನ್ಸಿನ ಹುಡುಗರೇ ಯೂರೋಪಿಗೆ ಹೋಗಿ ಆರ್ಗನ್ ಮಾಡುವ ಕೆಲಸ ಕಲಿತು ಬಂದರು. 1994ರಲ್ಲಿ ಲಾಸ್ ಪಿನ್ಯಾಸಿನಲ್ಲೇ ಕಾರ್ಯಾಗಾರ ತೆರೆದರು. ಅದಕ್ಕೆ ಇಟ್ಟ ಹೆಸರು ಡಿಯೆಗೋ ಸೆರಾ! 2003-04ರಲ್ಲಿ ಬಿದಿರಿನ ಆರ್ಗನ್‌ಗೆ ಮತ್ತೆ ದೊಡ್ಡ ದುರಸ್ತಿ ಬೇಕಾದಾಗ ಅದು ಹಡಗು ಹತ್ತಲಿಲ್ಲ. ಊರಿನವರ ಕೈಯಲ್ಲೇ ಆಯಿತು. ದೇಶದ ಬೇರೆ ಕಡೆಯ ಹಳೆಯ ಆರ್ಗನ್‌ಗಳನ್ನೂ ಈಗ ಇವರೇ ಸರಿಮಾಡುತ್ತಾರೆ.

ನಾವು ಹೋದ ದಿನ ನುಡಿಸಿದವನು ಇಪ್ಪತ್ತೈದರೊಳಗಿನ ಯುವಕ. ಟೀ ಶರ್ಟು, ಜೀನ್ಸು. ಮೊದಲು ಬಿದಿರಿನ ಸಾಲು ಮಾತ್ರ ಎಳೆದು ನುಡಿಸಿದ. ಆ ದನಿಯನ್ನು ಹೇಗೆ ಹೇಳಲಿ? ಅಷ್ಟು ದೊಡ್ಡ ವಾದ್ಯದಿಂದ ಅಷ್ಟು ಮೆತ್ತಗಿನ ಸದ್ದು ಬಂದೀತೆಂದು ನಾನು ಎಣಿಸಿರಲಿಲ್ಲ. ಗದ್ದೆಯ ಆಚೆ ಯಾರೋ ಹತ್ತಾರು ಜನ ಒಟ್ಟಿಗೆ ಕೊಳಲೂದಿದ ಹಾಗೆ, ಸ್ವಲ್ಪ ಉಸಿರು ಬೆರೆತ ದನಿ. ಮರುಕ್ಷಣ ಲೋಹದ ತುತ್ತೂರಿಗಳನ್ನು ತೆರೆದ. ನನ್ನ ಹೆಂಡತಿ ಬೆಚ್ಚಿ ನನ್ನ ತೋಳು ಹಿಡಿದಳು. ಕೊನೆಗೆ ಒಂದು ಹಿಡಿ ಎಳೆದ, ಚರ್ಚಿನ ತುಂಬ ಹಕ್ಕಿಗಳು! ನೀರಿನಲ್ಲಿ ತುದಿ ಮುಳುಗಿಸಿಟ್ಟ ಪುಟ್ಟ ಕೊಳವೆಗಳಂತೆ ಅವು. ಜಾತ್ರೆಯಲ್ಲಿ ಮಾರುವ ನೀರು ತುಂಬಿಸಿ ಊದುವ ಹಕ್ಕಿ ಪೀಪಿ ಇದೆಯಲ್ಲ, ಅದೇ ಯುಕ್ತಿ. ಎದುರಿನ ಬೆಂಚಿನಲ್ಲಿದ್ದ ಶಾಲೆಯ ಮಕ್ಕಳು ಮೇಲೆ ಕೆಳಗೆ ಹಕ್ಕಿ ಹುಡುಕಿದವು. ನಾನೂ ಹುಡುಕಿದೆ.

ಇಷ್ಟು ಹಳೆಯದನ್ನು ದಿನಾ ನುಡಿಸಿದರೆ ಸವೆಯುವುದಿಲ್ಲವೇ ಎಂದು ನಾನು ಆ ಯುವಕನನ್ನು ಕೇಳಿದೆ. ಮೊಮ್ಮಗಳು ಅನುವಾದ ಮಾಡಿದಳು. ಅವನು ತಲೆಯಾಡಿಸಿದ. ನುಡಿಸದೆ ಬಿಟ್ಟರೇ ಕೆಡುವುದಂತೆ. ಬಾಗಿಲುಗಳ ಚರ್ಮ ಬಿರುಸಾಗುತ್ತದೆ, ಕೊಳವೆಯ ಬಾಯಲ್ಲಿ ಹುಳ ಗೂಡು ಕಟ್ಟುತ್ತದೆ, ಯಾವ ಸ್ವರ ತಪ್ಪಿದೆ ಎನ್ನುವುದೇ ಯಾರಿಗೂ ಗೊತ್ತಾಗುವುದಿಲ್ಲ. ಪ್ರಾರ್ಥನೆಗೆ ದಿನವೂ ನುಡಿಸುವುದರಿಂದ ಒಂದು ಕೊಳವೆ ಕೆಮ್ಮಿದರೂ ಅಂದೇ ತಿಳಿಯುತ್ತದೆ ಎಂದ. ನಾನು ಮತ್ತೇನೂ ಕೇಳಲಿಲ್ಲ. ನಮ್ಮ ಅಟ್ಟದಲ್ಲಿ ಯಾವ ಸ್ವರ ಯಾವತ್ತು ಹೋಯಿತೋ.

ಹೊರಡುವಾಗ ಅವನು ನನ್ನ ಹೆಂಡತಿಯನ್ನು ಕರೆದು ಒಂದು ಮನೆ ಒತ್ತಿ ನೋಡಲು ಹೇಳಿದ. ಅವಳು ಬೇಡ ಬೇಡ ಎನ್ನುತ್ತಲೇ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದಳು. ಒಂದೇ ಸ್ವರ, ಬೆರಳು ತೆಗೆಯುವವರೆಗೆ ನಿಂತಿತು. ಊಟಕ್ಕೆ ಕೂತಾಗ, “ನಾವಾಗಿದ್ದರೆ ಕಳಲೆಯಲ್ಲೇ ಮುಗಿಸಿಬಿಡುತ್ತಿದ್ದೆವು ಆ ಬಿದಿರನ್ನು” ಎಂದಳು. ಮೊಮ್ಮಗಳಿಗೆ ಕಳಲೆ ಪಲ್ಯ ನೆನಪಾಗಿ ಊರಿಗೆ ಯಾವಾಗ ಬರುವುದೆಂದು ಲೆಕ್ಕ ಹಾಕತೊಡಗಿದಳು.

ಊರಿಗೆ ಬಂದ ಮೇಲೆ ಒಂದು ಕೆಲಸ ಮಾಡಿದೆ. ಪೆಟ್ಟಿಗೆ ಮಾರುವ ದಿನ ಒಳಗಿನ ಹಿತ್ತಾಳೆ ನಾಲಿಗೆಗಳಲ್ಲಿ ಒಂದಷ್ಟನ್ನು ಬಿಚ್ಚಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ, ಯಾಕೆಂದು ಕೇಳಬೇಡಿ. ಡಬ್ಬಿ ಹುಡುಕಲು ಎರಡು ದಿನ ಹಿಡಿಯಿತು. ಎಣಿಸಿದೆ, 11 ಇವೆ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಸ್ವರ ಹಾಳಾಗುತ್ತದೆ ಎಂದು ಪರಿಚಯದ ಹಾರ್ಮೋನಿಯಂ ರಿಪೇರಿಯವರು ಹೇಳಿದರು. ಒಂದನ್ನು ತುಟಿಗೆ ಹಿಡಿದು ಊದಿ ತೋರಿಸಿದರು. ನುಡಿಯಿತು. ಅವರು ಕಟ್ಟುತ್ತಿರುವ ಒಂದು ಹಳೆಯ ಪೆಟ್ಟಿಗೆಗೆ ಏಳೆಂಟು ನಾಲಿಗೆ ಹೊಂದಬಹುದಂತೆ. ಕೊಟ್ಟು ಬಂದಿದ್ದೇನೆ. ಆ ಪೆಟ್ಟಿಗೆ ಪಕ್ಕದ ಹಳ್ಳಿಯ ಭಜನಾ ಮಂದಿರಕ್ಕೆ ಹೋಗುತ್ತದೆ.

ಮೊನ್ನೆ ಮೊಮ್ಮಗಳು ಫೋನು ಮಾಡಿದ್ದಳು. ಮುಂದಿನ ಫೆಬ್ರವರಿಯ ಉತ್ಸವಕ್ಕೆ ಬನ್ನಿ, ಟಿಕೆಟ್ ನಾನು ತೆಗೆದಿಡುತ್ತೇನೆ ಎನ್ನುತ್ತಾಳೆ. ಅಟ್ಟದ ಮೆಟ್ಟಿಲು ಕಡಿದು, ನನ್ನ ಮಂಡಿ ಏನನ್ನುತ್ತದೋ ಕೇಳಿ ಹೇಳುತ್ತೇನೆ ಎಂದಿದ್ದೇನೆ.